ರಸೆಲ್ಲರ ಹೊತ್ತಗೆ ಮತ್ತು ಹೂಕುಂಡದ ಹಾವು

ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ವೈದ್ಯ ಪ್ಯಾಟ್ರಿಕ್ ರಸೆಲ್ 1796ರಲ್ಲಿ ಪ್ರಕಟಿಸಿದ ಕೋರಮಂಡಲ ತೀರದ ಹಾವುಗಳ ಗ್ರಂಥ ನಮ್ಮ ದೇಶದ ಸರ್ಪಶಾಸ್ತ್ರಕ್ಕೆ ಅಡಿಗಲ್ಲು. ವಿಶಾಖಪಟ್ಟಣದ ಪುಟ್ಟ ಕುರುಡು ಹಾವಿನ ಚಿತ್ರವೂ ಅದರಲ್ಲಿದೆ. ಜನರು ಕರೆಯುತ್ತಿದ್ದ ‘ಎರಡು ತಲೆಯ ಹಾವು’ ಎಂಬರ್ಥದ ತೆಲುಗು ಹೆಸರನ್ನೇ ಗ್ರಂಥಕರ್ತರು ಉಳಿಸಿಕೊಂಡದ್ದು ಮೆಚ್ಚತಕ್ಕ ಮಾತು. ಬಾಲವೂ ತಲೆಯಂತೆ ಮೊಂಡಾಗಿರುವುದರಿಂದ ಬಂದ ಹೆಸರದು. ಇದೇ ಚಿತ್ರದ ಆಧಾರದಿಂದ 1803ರಲ್ಲಿ ಫ್ರಾನ್ಸಿನ ದೋದಾಂ ಅದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದರು.

ಆದರೆ ವಿಷದ ಹಾವು ಯಾವುದು, ನಿರ್ವಿಷ ಯಾವುದು ಎಂದು ತಿಳಿಸುವುದೇ ಗ್ರಂಥದ ಮುಖ್ಯ ಗುರಿ. ಹುರುಪೆ ಎಣಿಸಿದ ಕಣ್ಣಿಗೆ ಹಾವಿನ ಬಾಳು ಕಾಣಲಿಲ್ಲ. ಇದರಲ್ಲಿ ಗಂಡೇ ಇಲ್ಲ, ಹೆಣ್ಣು ಒಂಟಿಯಾಗಿಯೇ ಮೊಟ್ಟೆಯಿಟ್ಟು ಸಂತತಿ ಬೆಳೆಸುತ್ತದೆ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಆದ್ದರಿಂದಲೇ ಗಿಡದ ಮಣ್ಣಿನಲ್ಲಿ ಅಡಗಿ ಹೋದ ಒಂದೇ ಹಾವು ಹೊಸ ನಾಡಿನಲ್ಲಿ ಸಂಸಾರ ಹೂಡಬಲ್ಲದು. ಹವಾಯಿ, ಫ್ಲಾರಿಡಾಗಳಿಗೂ ಅದು ಹೀಗೆಯೇ ತಲಪಿದೆ.

‘ವಿಷವಿಲ್ಲ’ ಎಂಬ ಒಂದು ಮಾತಿನಿಂದ ಭಯ ಹೋಗದು. ಬಾಳು ತಿಳಿದರೆ ಹೋದೀತು. ಗ್ಯಾಲರಿಯ ಕುಂಡದ ಮಣ್ಣು ಬದಲಿಸುವಾಗ ಎರೆಹುಳುವಿನಂತಹ, ಗೇಣಿಗೂ ಕಿರಿದಾದ ಕಪ್ಪು ಜೀವಿ ಹೊರಳಿದರೆ ಚಪ್ಪಲಿ ಎತ್ತಬೇಡಿ. ಇರುವೆ, ಗೆದ್ದಲುಗಳ ಮೊಟ್ಟೆಮರಿಗಳೇ ಅದರ ಊಟ. ಅದೂ ಮಣ್ಣಿನೊಡನೆ ಊರು ಬಿಟ್ಟು ಬಂದದ್ದೇ ಇರಬಹುದು.