ಕಳ್ಳನ ಕಣ್ಣಿಗೆಂದು ಕೊಂಡ ಸೈಕಲ್

"ಬೆಂಗಳೂರಿಗೆ ಹೊಸಾ ಸೈಕಲ್ಲಾ? ಕಳ್ಳರಿಗೆ ಎಲೆಯಡಿಕೆ ಕೊಟ್ಟು ಕರೆದಂಗೆ ಕಣೋ" ಅಂದರು ಲಕ್ಕವಳ್ಳಿಯ ಚಿಕ್ಕಪ್ಪ. ಸೈಕಲ್ ವಿಷಯದಲ್ಲಿ ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ. ಗದ್ದೆಗೆ, ಡೇರಿಗೆ, ಅಣೆಕಟ್ಟಿನ ಕಡೆ ಕೆಲಸಕ್ಕೆ, ಎಲ್ಲಕ್ಕೂ ಅದೇ ಕರೀ ಅಟ್ಲಾಸ್ ತುಳಿದು ತಲೆ ನರೆಸಿಕೊಂಡವರು. ಅದು ಈಗಲೂ ರಾತ್ರಿಯೆಲ್ಲ ಜಗಲಿಗೆ ಒರಗಿ ನಿಂತಿರುತ್ತದೆ. ಕೀಲಿ ಬೀಗದಲ್ಲೇ ತುಕ್ಕು ಹಿಡಿದಿದೆ. ಭದ್ರಾ ಅಭಯಾರಣ್ಯದ ಅಂಚಿನ ಊರಿನಲ್ಲಿ ಕತ್ತಲಾದ ಮೇಲೆ ಹೆದರುವುದು ಆನೆಗೆ, ಸೈಕಲ್ ಕಳ್ಳನಿಗಲ್ಲ.

'ಪೇಟೆಗೆ ಹಳೇದೇ ಸಾಕು' ಎಂಬುದು ಚಿಕ್ಕಪ್ಪನೊಬ್ಬರ ಮಾತಲ್ಲ. ಶಿವಮೊಗ್ಗದಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ ಸೈಕಲ್ ಕೊಳ್ಳಲು ಹೊರಟವರೆಲ್ಲ ಕೇಳುವ ಬುದ್ಧಿವಾದ. ಕೇಳಲು ಜಾಣತನದ ಹಾಗೇ ಇದೆ. ಕಳೆದ ವರ್ಷ ನಾನೂ ಕೇಳಿದೆ.

ಗುಜರಿ ಅಂಗಡಿಯಿಂದ 2,500 ರೂಪಾಯಿಗೆ ಒಂದನ್ನು ತಂದೆ. ಬಿಲ್ಲಿಲ್ಲ, ಬಣ್ಣವೂ ಇಲ್ಲ. ಬ್ರೇಕಿನ ರಬ್ಬರ್ ಒಣಗಿ ಕಲ್ಲಾಗಿತ್ತು. ಫ್ರೀವೀಲ್‌ನ ಹಲ್ಲು ಸವೆದು, ಏರಿನಲ್ಲಿ ಎದ್ದು ನಿಂತು ತುಳಿದರೆ ಚೈನು ಜಾರಿ ಪೆಡಲ್ ಸುಮ್ಮನೆ ಕೆಳಗಿಳಿಯುತ್ತಿತ್ತು, ಮೊಣಕಾಲು ಹೋಗಿ ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಹಿಂದೆ ಬಸ್ಸು ಹಾರ್ನ್ ಒತ್ತುತ್ತಿರುವಾಗ ಹೀಗಾದರೆ ಉಳಿಸಿದ ದುಡ್ಡಿನ ನೆನಪು ಬರುವುದಿಲ್ಲ. ನಾಲ್ಕು ತಿಂಗಳಿಗೆ ಅದೂ ಹೋಯಿತು. ಯಾರ ಕಣ್ಣಿಗೂ ಬೀಳಬಾರದೆಂದು ಕೊಂಡ ಸೈಕಲ್ ಯಾರದೋ ಕಣ್ಣಿಗೆ ಬಿದ್ದೇಬಿಟ್ಟಿತ್ತು. ಬೀದಿಬದಿಯ ಕಳ್ಳನಿಗೆ ಬೇಕಿರುವುದು ಒಳ್ಳೆಯ ಸೈಕಲ್ ಅಲ್ಲ, ಸಲೀಸಾಗಿ ಎತ್ತಿಕೊಂಡು ಹೋಗಬಹುದಾದ ಸೈಕಲ್.

ದೂರು ಕೊಡೋಣವೆಂದು ಹೊರಟಾಗ ಇನ್ನೊಂದು ಸಂಗತಿ ತಿಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಸೆಕ್ಷನ್ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಸಿಕ್ಕಿಬಿದ್ದವನು ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ. ಇಂಥ ಕಳ್ಳತನವನ್ನು ಅಸಂಜ್ಞೇಯ ಅಪರಾಧದ ಪಟ್ಟಿಗೂ ಸೇರಿಸಿದ್ದಾರೆ. ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಹೊಟ್ಟೆಪಾಡಿನ ಸಣ್ಣ ಕಳ್ಳನನ್ನು ಜೈಲಿಗೆ ಹಾಕಬಾರದೆಂಬುದು ನನಗೂ ಒಪ್ಪಿಗೆಯೇ. ಆದರೆ ಹಳೇ ಸೈಕಲ್ಲೇ ಕ್ಷೇಮ ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಅಗ್ಗದ್ದನ್ನು ಕೊಂಡವನು ಕಳೆದುಕೊಂಡರೆ ಹುಡುಕಿಸುವುದೂ ಕಷ್ಟ. ಹೊಸದಾದರೆ ಬಿಲ್ಲಿರುತ್ತದೆ, ಪೆಡಲಿನ ನಡುವೆ ಫ್ರೇಮಿನ ಅಡಿಯಲ್ಲಿ ಕೊರೆದ ನಂಬರ್ ಇರುತ್ತದೆ. ಬಿಲ್ಲಿಲ್ಲದ ನನ್ನ ಗುಜರಿ ಸೈಕಲ್ ಅದಕ್ಕೂ ಮೊದಲು ಯಾರ ಮನೆ ಮುಂದಿನಿಂದ ಬಂದಿತ್ತೋ! ಆ ಪ್ರಶ್ನೆಯನ್ನು ಕೊಳ್ಳುವಾಗ ನಾನು ಕೇಳಲಿಲ್ಲ, ಅಂಗಡಿಯವನೂ ಹೇಳಲಿಲ್ಲ. ಹಿಂದೆ ಪುರಸಭೆಯವರು ಸೈಕಲ್‌ಗೆ ಲೈಸೆನ್ಸ್ ಬಿಲ್ಲೆ ಕೊಡುತ್ತಿದ್ದ ಕಾಲವೊಂದಿತ್ತು. ಅದು ತೆರಿಗೆಗಾಗಿ ಇದ್ದ ಏರ್ಪಾಡು, ನಿಜ. ಆದರೂ ಸೈಕಲ್‌ಗೊಂದು ಗುರುತು ಅಂತ ಇತ್ತು.

ನನ್ನ ವಾರಿಗೆಯವರಿಗೆ ಈ ಉಪದೇಶ ಇನ್ನೊಂದು ಕಾರಣಕ್ಕೂ ವಿಚಿತ್ರ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಕೋವಿಡ್ ಬಂದ ಮೇಲೆ ಆ ಯೋಜನೆ ನಿಂತಿತು. ಹದಿಮೂರನೇ ವಯಸ್ಸಿನಲ್ಲಿ ನನಗೆ ಸಿಕ್ಕಿದ್ದು ಪ್ಲಾಸ್ಟಿಕ್ ಬಿಚ್ಚದ ಹೊಸ ಸೈಕಲ್. ಎಲ್ಲರದ್ದೂ ಒಂದೇ ಥರ ಇದ್ದುದರಿಂದ ಅದಲುಬದಲಾಗದಿರಲಿ ಎಂದು ಮಡ್‌ಗಾರ್ಡ್ ಮೇಲೆ ಹೆಸರು ಬರೆದುಕೊಂಡಿದ್ದೆವು. ಹಳ್ಳಿ ದಾರಿಗೆ ಹೊಸದು, ಲಾರಿ ಬಸ್ಸುಗಳ ನಡುವೆ ನುಗ್ಗಬೇಕಾದ ಪೇಟೆಗೆ ಗುಜರಿ: ಇದು ಯಾವ ಲೆಕ್ಕ?

ಹಾಗಾಗಿ ಈ ಸಲ ಹೊಸದಕ್ಕೇ ಹೋದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದ್ದೂ ಒಂದು ನೆಪ. ಅಂಗಡಿಯಲ್ಲಿ ಮೊದಲು ತೋರಿಸಿದ್ದು ದಪ್ಪ ಟೈರಿನ, ಮುಂದೆ ಶಾಕ್ ಅಬ್ಸಾರ್ಬರ್ ಇರುವ, ಬೆಟ್ಟ ಹತ್ತುವ ವೇಷದ ಸೈಕಲ್. ಈ ಜಾತಿಯ ಅಗ್ಗದ ಮಾಲಿನ ಮೇಲೆ ನನಗೆ ಕಿಂಚಿತ್ತೂ ಗೌರವವಿಲ್ಲ. ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಆ ಸ್ಪ್ರಿಂಗೇ ನುಂಗುತ್ತದೆ, ತೂಕ ಬೇರೆ. ಚಿಕ್ಕಪ್ಪನ ಕರೀ ಸೈಕಲ್ ಇದಕ್ಕಿಂತ ಎಷ್ಟೋ ವಿವೇಕದ್ದು: ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡ್ ಎಲ್ಲ ಜೊತೆಗೇ ಬರುತ್ತವೆ. ಮಳೆ, ಪಂಚೆ, ಅಕ್ಕಿಮೂಟೆ ಮೂರನ್ನೂ ಕಂಡವರು ಮಾಡಿದ ಸೈಕಲ್ ಅದು. ಏರುತಗ್ಗಿನ ಬೆಂಗಳೂರಿಗೆ ಮಾತ್ರ ಗೇರಿಲ್ಲದ ಆ ಭಾರ ಆಗದು. ಕೊನೆಗೆ ಏಳು ಗೇರಿನ, ಶಾಕ್ ಅಬ್ಸಾರ್ಬರ್ ಇಲ್ಲದ, ಸಣ್ಣ ಟೈರಿನ ಹೈಬ್ರಿಡ್ ಒಂದನ್ನು ಆರಿಸಿದೆ. ಚಕ್ರಗಳು ನಟ್ಟು ಬಿಗಿದವು. ಕೈಯಲ್ಲೇ ಬಿಚ್ಚುವ ಸನ್ನೆಯಿದ್ದರೆ ಚಕ್ರವೊಂದೇ ಮಾಯವಾಗುತ್ತದೆ. ಮಡ್‌ಗಾರ್ಡ್, ಕ್ಯಾರಿಯರ್‌ಗೆ ಬೇರೆಯೇ ದುಡ್ಡು ತೆತ್ತೆ. ಹೊಸ ಸೈಕಲ್‌ಗಳ ಮೇಲೆ ನನ್ನ ದೊಡ್ಡ ತಕರಾರು ಅದೇ.

ಇನ್ನು ಬೀಗ. ಹಿಂದಿನ ಚಕ್ರಕ್ಕೆ ಅಡ್ಡ ಬೀಳುವ ಬಳೆಬೀಗ ಚಕ್ರ ತಿರುಗದಂತೆ ಮಾಡುತ್ತದೆಯೇ ಹೊರತು ಸೈಕಲ್ಲನ್ನೇ ಎತ್ತಿಕೊಂಡು ಹೋಗುವವನನ್ನು ತಡೆಯುವುದಿಲ್ಲ. ಪ್ಲಾಸ್ಟಿಕ್ ಹೊದಿಸಿದ ತೆಳು ಕೇಬಲ್ ಬೀಗ ಕಟ್ಟರ್‌ಗೆ ಒಂದೆರಡು ಕಡಿತದ ಕೆಲಸ. ನಾನು 1,200 ರೂಪಾಯಿಯ ಯು ಆಕಾರದ ಉಕ್ಕಿನ ಬೀಗ ಕೊಂಡೆ. ಅದನ್ನು ಚಕ್ರ, ಫ್ರೇಮು ಎರಡಕ್ಕೂ ಸೇರಿಸಿ ನೆಲದಲ್ಲಿ ಹುಗಿದ ಯಾವುದಾದರೂ ಕಬ್ಬಿಣಕ್ಕೆ ಹಾಕಬೇಕು. ಆ ಕಬ್ಬಿಣ ಎಲ್ಲಿದೆ? ಕಾರಿಗೆ ಗೆರೆ ಎಳೆದಿದ್ದಾರೆ, ಬೈಕಿಗೆ ಟೋಕನ್ ಕೊಡುತ್ತಾರೆ. ಸೈಕಲ್ ತಂದವನು ಗ್ರಿಲ್ಲು, ಕಂಬ ಹುಡುಕಿಕೊಂಡು ಸುತ್ತಬೇಕು, ಸೆಕ್ಯೂರಿಟಿಯವನು ಬಂದು ತೆಗೆಸುವ ತನಕ. 2012ರಲ್ಲಿ ಜಯನಗರದಲ್ಲಿ ಸೈಕಲ್ ಪಥ ಮಾಡಿದರು. ಅದರ ಮೇಲೆ ಕಾರುಗಳು ನಿಂತವು. ಮೈಸೂರಿನ ಬಾಡಿಗೆ ಸೈಕಲ್ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ ಶುರುವಾದಾಗ ಸೈಕಲ್ ಜೊತೆಗೆ ಅದನ್ನು ಕಚ್ಚಿಕೊಳ್ಳುವ ನಿಲ್ದಾಣವನ್ನೂ ಊರ ತುಂಬ ಕಟ್ಟಿದರು. ಸೈಕಲ್ ಓಡಿಸುವ ಹೊತ್ತಿಗಿಂತ ನಿಂತಿರುವ ಹೊತ್ತೇ ಹೆಚ್ಚು ಎಂಬುದು ಅವರಿಗಾದರೂ ಹೊಳೆದಿತ್ತು.

ದೀಪಾವಳಿಗೆ ಸೈಕಲ್ಲನ್ನು ಖಾಸಗಿ ಬಸ್ಸಿನ ಟಾಪಿಗೆ ಕಟ್ಟಿ ತರೀಕೆರೆಯಲ್ಲಿ ಇಳಿಸಿ, ಅಲ್ಲಿಂದ ಲಕ್ಕವಳ್ಳಿಗೆ ತುಳಿದುಕೊಂಡೇ ಹೋದೆ. ಚಿಕ್ಕಪ್ಪ ಒಂದೇ ಕೈಯಲ್ಲಿ ಎತ್ತಿ ತೂಕ ನೋಡಿದರು, ಬೆಲ್ ಬಾರಿಸಿದರು, ಏನೂ ಅನ್ನಲಿಲ್ಲ. ಬೀಗದ ಬೆಲೆ ಕೇಳಿ ಮಾತ್ರ ನಕ್ಕರು. ರಾತ್ರಿ ಅಭ್ಯಾಸಬಲದಿಂದ ನಾನು ಅದನ್ನು ಜಗಲಿಯ ಕಂಬಕ್ಕೆ ಬಿಗಿದು ಮಲಗಿದೆ. ಬೆಳಿಗ್ಗೆ ಇನ್ನೂ ಮಂಜು ಕವಿದಿದ್ದಾಗಲೇ ಯಾರೋ ಕಿಟಕಿ ಬಡಿದರು. ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಚಿಕ್ಕಪ್ಪ ನಿಂತಿದ್ದರು. ಪಕ್ಕದಲ್ಲಿ ಅಟ್ಲಾಸ್ ಸುಮ್ಮನೆ ಒರಗಿಕೊಂಡಿತ್ತು.

"ಏ, ಆ ಕೀಲಿ ಕೊಡೋ ಇಲ್ಲಿ."