ಐಫೆಲ್ ಎಂಬ ಸಿದ್ಧ ಉತ್ತರ

ನಗರದ ನಡುವೆ ಗಗನಚುಂಬಿಯೊಂದು ಏಳುತ್ತಿರುವಾಗ ಸುತ್ತಲಿನ ಜನ ತಕರಾರು ತೆಗೆದರೆ ಸಿದ್ಧ ಉತ್ತರವೊಂದಿದೆ: ಐಫೆಲ್ ಗೋಪುರವನ್ನೂ ವಿರೋಧಿಸಿದ್ದರಲ್ಲ! ಈ ವಾದವನ್ನು ನಾನು ಒಪ್ಪಲಾರೆ.

1887ರ ಫೆಬ್ರವರಿಯಲ್ಲಿ, ಗೋಪುರದ ಬುನಾದಿಯ ಕೆಲಸ ನಡೆಯುತ್ತಿದ್ದಾಗಲೇ, ಮೊಪಾಸಾ ಸೇರಿದಂತೆ ಹಲವು ಲೇಖಕರು, ಕಲಾವಿದರು ಸಹಿ ಹಾಕಿದ ಪ್ರತಿಭಟನಾ ಪತ್ರ ಪ್ಯಾರಿಸ್‌ನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿಯಾಗಿ ಅದನ್ನು ಓದಿದಾಗ ನನಗೆ ಎದ್ದು ಕಾಣುವುದು ಅಭಿರುಚಿಯ ಗತ್ತು. ಕಲೆ, ಇತಿಹಾಸ ಎಂಬ ದೊಡ್ಡ ಮಾತುಗಳಿವೆ; ಗೋಪುರದ ಬುಡದಲ್ಲೇ ಬದುಕಬೇಕಾದವರ ದಿನನಿತ್ಯದ ಪಾಡು ಇಲ್ಲ. ಕಾಲ ಸೋಲಿಸಿದ್ದು ಆ ಗತ್ತನ್ನು, ಎಲ್ಲ ಆಕ್ಷೇಪಗಳನ್ನಲ್ಲ.

ಅದೇ ಪ್ಯಾರಿಸ್‌ನಲ್ಲಿ 1973ರಲ್ಲಿ 210 ಮೀಟರ್ ಎತ್ತರದ ಮೋಂಪಾರ್ನಾಸ್ ಗೋಪುರ ಪೂರ್ಣಗೊಂಡಿತು. ಬಹಳಷ್ಟು ಜನ ಅದಕ್ಕೆ ಒಗ್ಗಲೇ ಇಲ್ಲ. 1977ರಲ್ಲಿ ನಗರದ ಹೊಸ ಕಟ್ಟಡಗಳಿಗೆ 37 ಮೀಟರಿನ ಮಿತಿ ಬಂತು. ನಡುವೆ ಸಡಿಲಗೊಂಡದ್ದನ್ನು 2023ರಲ್ಲಿ ನಗರ ಮತ್ತೆ ಬಿಗಿ ಮಾಡಿತು.

ಮೊದಲ ಕಥೆಯನ್ನಷ್ಟೇ ಹೇಳಿ ಎರಡನೆಯದನ್ನು ಮರೆಸುವುದು ವಿಮರ್ಶೆಯಲ್ಲ. ಆಕ್ಷೇಪವನ್ನೂ ಪಠ್ಯದಂತೆಯೇ ಓದಬೇಕು: ಮಾತಾಡುತ್ತಿರುವವರು ಯಾರು, ಯಾರ ಪರವಾಗಿ, ಕಳೆದುಕೊಳ್ಳುತ್ತಿರುವುದೇನು? ಬಿಸಿಲು, ಗಾಳಿ, ಮನೆ ಬಾಡಿಗೆಯ ಪ್ರಶ್ನೆಗಳಿಗೆ ಐಫೆಲ್ ಉತ್ತರವಾಗದು.