ಕ್ರೌನ್ ಕಟ್ಟುವುದೋ, ಹೌಸಿಂಗ್ ಬದಲಿಸುವುದೋ

ಹಾರೋಹಳ್ಳಿ ಕಡೆಯಿಂದ ಸಾರಕ್ಕಿ ಮಾರ್ಕೆಟ್ಟಿಗೆ ತರಕಾರಿ ಹೊಡೆಯುವ ನಮ್ಮ ಭಾವನ ಬೊಲೆರೊ ಪಿಕಪ್ಪು ಹೋದ ವರ್ಷ ಹಿಂದುಗಡೆಯಿಂದ ಗುಂಯ್‌ಗುಡಲು ಶುರುಮಾಡಿತು. ನಲವತ್ತು ದಾಟಿದರೆ ಸದ್ದು, ಆಕ್ಸಿಲರೇಟರ್ ಬಿಟ್ಟರೆ ಗಪ್‌ಚಿಪ್. ಜೆ.ಪಿ. ನಗರದ ಆಸುಪಾಸಿನಲ್ಲಿ ಮೂರು ಗ್ಯಾರೇಜಿಗೆ ತೋರಿಸಿದೆವು. ಒಬ್ಬರು ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿಯನ್ನೇ, ಅಂದರೆ ಕ್ರೌನ್ ಪಿನಿಯನ್ನನ್ನು, ಹೊಸದಾಗಿ ಹಾಕಿಬಿಡೋಣ ಎಂದರು. ಇನ್ನೊಬ್ಬರು, "ಬಿಚ್ಚಿ ಕಟ್ಟೋ ಗೋಜೇ ಬೇಡ ಅಣ್ಣ, ಗುಜರಿಯಿಂದ ಫುಲ್ ಹೌಸಿಂಗ್ ತಂದು ಕೂರಿಸ್ತೀನಿ, ಸಂಜೆಗೆ ಗಾಡಿ ತಗೊಂಡ್ಹೋಗಿ" ಎಂದರು. ಮೂರನೆಯವರದು, ಓಡುವವರೆಗೆ ಓಡಿಸಿ ಅನ್ನುವ ಸಲಹೆ. ಗಾಡಿ ನಿಂತರೆ ತಿಂಗಳ ಕಂತು ಕಟ್ಟುವುದು ಹೇಗೆಂಬ ಚಿಂತೆಯಲ್ಲಿದ್ದ ಭಾವನಿಗೆ ಎರಡನೆಯ ಮಾತೇ ಹಿಡಿಸಿತು. ನನಗೆ ಮೂವರ ಮೇಲೂ ಒಂದೇ ತಕರಾರು. ಯಾರೂ ಗಾಡಿಯನ್ನು ಜ್ಯಾಕಿಗೆ ಏರಿಸಿರಲಿಲ್ಲ, ಆಯಿಲ್ ಇಳಿಸಿ ನೋಡಿರಲಿಲ್ಲ.

ಹಿಂದಿನ ಆಕ್ಸಲ್ ಕೆಟ್ಟಾಗ ಕಟ್ಟಬೇಕೋ ಬದಲಿಸಬೇಕೋ ಅನ್ನುವುದನ್ನು ಕಿವಿ ಹೇಳಲಾರದು. ದುಡ್ಡಿನ ಲೆಕ್ಕವೂ ಹೇಳಲಾರದು. ಹೇಳಬೇಕಾದದ್ದು ಒಳಗಿನ ಹಲ್ಲು ಮತ್ತು ಹೊರಗಿನ ಕವಚವಾದ ಹೌಸಿಂಗ್.

ನಾಲ್ಕನೆಯವರು ಬನಶಂಕರಿಯ ಒಂದು ಸಣ್ಣ ಶೆಡ್ಡಿನವರು. ಮೊದಲು ಡ್ರೈನ್ ಪ್ಲಗ್ ಬಿಚ್ಚಿ ಆಯಿಲ್ಲನ್ನು ಟ್ರೇಗೆ ಇಳಿಸಿದರು. ಬಂದದ್ದು ಇರಬೇಕಾದುದರ ಅರ್ಧವೂ ಇರಲಿಲ್ಲ. ಪ್ಲಗ್ಗಿನ ತುದಿಯ ಮ್ಯಾಗ್ನೆಟ್‌ಗೆ ಅಂಟಿದ್ದ ಬೂದುಬಣ್ಣದ ಕೆಸರನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ, ನನ್ನ ಕೈಗೂ ಒಂದಿಷ್ಟು ಹಚ್ಚಿದರು. ಬೆಣ್ಣೆಯಂತೆ ನುಣ್ಣಗಿದ್ದರೆ ಸಹಜ ಸವೆತ, ಅಕ್ಕಿನುಚ್ಚಿನಂತೆ ತರಿ ಸಿಕ್ಕರೆ ಏನೋ ಒಡೆದಿದೆ. ನಮ್ಮದರಲ್ಲಿ ಸಿಕ್ಕಿದ್ದು ತೆಳ್ಳನೆಯ ಚಕ್ಕೆ. ಅದು ಹಲ್ಲಿನ ಚೂರಲ್ಲ, ಬೇರಿಂಗ್ ರೇಸಿನ ಸಿಪ್ಪೆ ಎಂದರು. ಬಿಚ್ಚಿದಾಗ ಹಾಗೇ ಆಗಿತ್ತು: ಪಿನಿಯನ್ ಬೇರಿಂಗ್ ತಿಂದುಹೋಗಿತ್ತು, ಕ್ರೌನಿನ ಹಲ್ಲುಗಳು ಗಟ್ಟಿಮುಟ್ಟಾಗಿದ್ದವು. ಮೂಲ ಕಾರಣ ಹೌಸಿಂಗಿನ ಮೇಲಿರುವ, ಬೆರಳ ತುದಿಯಷ್ಟು ದಪ್ಪದ ಬ್ರೀದರ್. ಅದಕ್ಕೆ ಮಣ್ಣು ಮೆತ್ತಿತ್ತು. ಓಡಿ ಕಾದಾಗ ಒಳಗಿನ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ, ಅದು ಆಯಿಲ್ಲನ್ನು ಸೀಲಿನ ಮೂಲಕ ದೂಡುತ್ತ ಬಂದಿತ್ತು. ಹೊಸ ಕ್ರೌನಿಗೆ ದುಡ್ಡು ಸುರಿದು ಈ ಬ್ರೀದರನ್ನು ಹಾಗೇ ಬಿಟ್ಟಿದ್ದರೆ ಅದೇ ಕಥೆ ಮತ್ತೆ ಶುರುವಾಗುತ್ತಿತ್ತು.

ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ಹುಟ್ಟುವ ವಸ್ತುಗಳು. ಕಾರ್ಖಾನೆಯಲ್ಲಿ ಒಂದನ್ನೊಂದು ಉಜ್ಜಿಸಿ ಹೊಂದಿಸಿ, ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತಾರೆ. ಒಂದನ್ನು ಮಾತ್ರ ಬದಲಿಸುವುದು ಶುದ್ಧ ತಪ್ಪು. ಜೋಡಿಯನ್ನೇ ಹೊಸದಾಗಿ ತಂದರೂ ಹಳೆಯ ಬೇರಿಂಗ್ ಮೇಲೆ ಕೂರಿಸಿ, ಕೈಯಲ್ಲಿ ಅಲುಗಿಸಿ "ಪ್ಲೇ ಸರಿ ಇದೆ" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಹಲ್ಲುಗಳ ನಡುವೆ ಇರಬೇಕಾದ ಆಟ ಸಾಮಾನ್ಯವಾಗಿ 0.15ರಿಂದ 0.20 ಮಿಲಿಮೀಟರ್. ಡಯಲ್ ಗೇಜ್ ಇಲ್ಲದೆ ಯಾವ ಅನುಭವಿಯ ಕೈಗೂ ಅದು ಸಿಗುವುದಿಲ್ಲ. ಬನಶಂಕರಿಯವರು ಗೇಜ್ ನೋಡಿದ ಮೇಲೂ ನಾಲ್ಕು ಹಲ್ಲಿಗೆ ನೀಲಿ ಬಣ್ಣ ಬಳಿದು, ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು, ಪಿನಿಯನ್ ತಿರುಗಿಸಿದರು. ಬಣ್ಣ ಅಳಿಸಿದ ಗುರುತು ಹಲ್ಲಿನ ಬುಡಕ್ಕೆ ಬಂತು. ಸಂದು ಹೊಂದಿಸುವ ತೆಳು ಬಿಲ್ಲೆಯನ್ನು, ಅಂದರೆ ಶಿಮ್, ಬದಲಿಸಿದರು. ಮತ್ತೆ ಬಳಿದರು. ಮೂರನೆಯ ಸಲಕ್ಕೆ ಗುರುತು ಹಲ್ಲಿನ ನಡುಮಧ್ಯೆ, ಹುಣಸೆಬೀಜದಾಕಾರದಲ್ಲಿ ಕೂತಿತು. ಆ ಗುರುತನ್ನು ನೋಡುತ್ತ ನಿಂತಾಗ ನನಗೆ ಆದ ಸಂತೋಷ ದೊಡ್ಡದು. ರಿಪೇರಿ ಅನ್ನುವ ಮಾತಿಗೆ ಅರ್ಹವಾದ ಕೆಲಸ ಇದು, ಇದಕ್ಕೆ ಕೂಲಿ ಎಷ್ಟು ಕೇಳಿದರೂ ಚೌಕಾಸಿ ಮಾಡಬಾರದು.

ಹಾಗಂತ ಬದಲಿಸುವುದು ಎಂದೂ ಬೇಡ ಅನ್ನಲಾರೆ. ಒಂದೂಮುಕ್ಕಾಲು ಟನ್ನಿನ ಗಾಡಿಗೆ ಎರಡೂವರೆ ಟನ್ ಎಂ-ಸ್ಯಾಂಡ್ ತುಂಬಿ ಹಂಪು ಹಾರಿಸಿದರೆ ಹೌಸಿಂಗ್ ಬಾಗುತ್ತದೆ. ಒಂದೇ ಕಡೆಯ ಸೀಲು ಪದೇಪದೇ ಹೋಗುವುದು, ಟೈರು ಓರೆಯಾಗಿ ಸವೆಯುವುದು, ಆಕ್ಸಲ್ ಶಾಫ್ಟ್ ತಳ್ಳಿದರೆ ಸಲೀಸಾಗಿ ಹೋಗದಿರುವುದು ಅದರ ಲಕ್ಷಣ. ಬೇರಿಂಗ್ ಕೂರುವ ಜಾಗ ಸವೆದು, ರೇಸೇ ಸುತ್ತತೊಡಗಿದರೂ ಅಷ್ಟೇ. ಆ ಜಾಗಕ್ಕೆ ಸುತ್ತಲೂ ಪಂಚ್ ಹೊಡೆದು ಬಿಗಿ ಮಾಡುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ತಿಂಗಳೊಪ್ಪತ್ತಿನಲ್ಲಿ ಆ ಚುಕ್ಕಿಗಳು ಚಪ್ಪಟೆಯಾಗಿ ಬೇರಿಂಗ್ ಮತ್ತೆ ಸಡಿಲ. ಅಂಥ ಹೌಸಿಂಗಿಗೆ ಜೆ.ಸಿ. ರಸ್ತೆಯಿಂದ ಎಷ್ಟೇ ಒಳ್ಳೆಯ ಬೇರಿಂಗ್ ತಂದರೂ ದುಡ್ಡು ದಂಡ, ಬದಲಿಸುವುದೇ ಸರಿ.

ಆದರೆ ಗುಜರಿಯ ಹೌಸಿಂಗ್ ತರುವಾಗ ಲೆಕ್ಕ ಬೇಕು. ಪಿನಿಯನ್ನಿಗೆ 8, ಕ್ರೌನಿಗೆ 41 ಹಲ್ಲಿದ್ದರೆ ಎರಡೂ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಜಾಯಿಂಟಿನ ಫ್ಲ್ಯಾಂಜ್ ಐದು ಸುತ್ತಿಗಿಂತ ತುಸು ಹೆಚ್ಚು ತಿರುಗಬೇಕು. ಸೀಮೆಸುಣ್ಣದ ಒಂದು ಗೆರೆ ಎಳೆದು ಅಂಗಡಿಯ ಮುಂದೆಯೇ ಎಣಿಸಬಹುದು. ಅದೇ ಕಂಪನಿಯ, ಬೇರೆ ಮಾಡೆಲಿನ ನಾಲ್ಕೂ ಚಿಲ್ಲರೆ ಸುತ್ತಿನ ಹೌಸಿಂಗ್ ಬಂದು ಕೂತರೆ ಬೋಲ್ಟುಗಳೆಲ್ಲ ಹೊಂದಿಕೊಂಡಾವು, ಆದರೆ ಲೋಡಿನ ಗಾಡಿ ಏರಿನಲ್ಲಿ ಏದುಸಿರು ಬಿಡುತ್ತದೆ, ಕ್ಲಚ್ ಪ್ಲೇಟ್ ಸುಡುತ್ತದೆ. ಬ್ರೇಕಿನ ಮಾತಂತೂ ಇನ್ನೂ ಗಂಭೀರ. ಯಾರದೋ ಗಾಡಿಯ ಹಳೆ ಸೀಲಿನಿಂದ ಆಯಿಲ್ ಜಿನುಗಿ ಲೈನರ್ ನೆನೆದರೆ ಒಂದು ಕಡೆಯ ಚಕ್ರ ಹಿಡಿಯುವುದೇ ಇಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷವರ್ಷವೂ ಎಫ್.ಸಿ. (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು, ಅಲ್ಲಿ ಬ್ರೇಕ್ ನೋಡುತ್ತಾರೆ ಅನ್ನುವುದು ಒಂದು ಮಾತಾಯಿತು. ಬೆಳಗಿನ ಜಾವ ಕನಕಪುರ ರಸ್ತೆಯಲ್ಲಿ ಹೂವಿನ ಬುಟ್ಟಿ ಹೊತ್ತು ಅಡ್ಡ ದಾಟುವ ಹೆಂಗಸರ ಮುಂದೆ ಆ ಗಾಡಿ ನಿಲ್ಲಲೇಬೇಕಲ್ಲ. ಸಂಜೆಗೆ ಗಾಡಿ ಕೊಡುತ್ತೇನೆ ಅನ್ನುವವರು ಸೀಲು, ಹಬ್ ಬೇರಿಂಗ್, ಲೈನರ್ ಹೊಸದಾಗಿ ಹಾಕದೆ ಕೊಟ್ಟರೆ ಅದನ್ನು ನಾನು ಕೆಲಸವೆಂದು ಒಪ್ಪುವುದಿಲ್ಲ.

ಭಾವನ ಗಾಡಿ ಮೂರು ದಿನ ನಿಂತಿತು. ಬೇರಿಂಗ್, ಸೀಲು, ಶಿಮ್, ಬ್ರೀದರ್, ಹೊಸ ಇಪಿ 90 ಆಯಿಲ್, ಅಷ್ಟೇ. ಹಳೆಯ ಕ್ರೌನ್ ಪಿನಿಯನ್ ಜೋಡಿ ಹಾಗೇ ಉಳಿಯಿತು. ಐನೂರು ಕಿಲೋಮೀಟರ್ ಓಡಿಸಿ ಮತ್ತೆ ತನ್ನಿ ಎಂದಿದ್ದರು, ಹೋದೆವು. ಪ್ಲಗ್ ಬಿಚ್ಚಿ ಭಾವನ ಕೈಗೇ ಕೊಟ್ಟರು. ಅವನು ಮ್ಯಾಗ್ನೆಟ್ ಮೇಲಿನ ಬೂದಿಯಂಥ ಲೇಪವನ್ನು ಬೆರಳಲ್ಲಿ ಹೊಸಕಿದ, ಇನ್ನೊಂದು ಸಲ ಹೊಸಕಿದ. ತರಿ ಸಿಗಲಿಲ್ಲ. ಬಟ್ಟೆಯಲ್ಲಿ ಒರೆಸಿ ಪ್ಲಗ್ಗನ್ನು ತಾನೇ ಬಿಗಿ ಮಾಡಿ, ಅವತ್ತೇ ರಾತ್ರಿ ಹಾರೋಹಳ್ಳಿಗೆ ಹೊರಟ.